ಎದುರಿಗೆ ಮಗು ಅಳುತ್ತಿದ್ದರೂ ಏನೂ ಅನಿಸುತ್ತಿಲ್ಲ, ನಾನು ಕಲ್ಲಾಗಿಬಿಟ್ಟೆನಾ?

ಪ್ರಶ್ನೆ: ಮೇಡಂ, ನಾನು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಮಕ್ಕಳ ರಕ್ಷಣೆಯ ಕೆಲಸದಲ್ಲಿದ್ದೇನೆ. ಎಂ.ಎಸ್.ಡಬ್ಲ್ಯೂ. ಮುಗಿಸಿ ಗುತ್ತಿಗೆ ಮೇಲೆ ಸೇರಿ ಏಳು ವರ್ಷವಾಯಿತು. ತೆಲುಗು ಬರುತ್ತೆ ಅಂತ ಆಂಧ್ರದ ಗಡಿಯತ್ತ ಇರುವ ಬಾಗೇಪಲ್ಲಿ, ಗುಡಿಬಂಡೆ ಕಡೆಯ ಕೇಸುಗಳೆಲ್ಲ ನನಗೇ ಬರುತ್ತವೆ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ), ಬಾಲ್ಯವಿವಾಹ, ಮನೆ ಬಿಟ್ಟು ಬಂದ ಮಕ್ಕಳು. ಮೊದಮೊದಲು ರಾತ್ರಿ ಮಲಗಿದಾಗ ಅಳು ಬರುತ್ತಿತ್ತು. ಈಗ ಬರಲ್ಲ. ಹೋದ ತಿಂಗಳು ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನೆದುರು ಕೂತು, ಯೂನಿಫಾರ್ಮಿನ ವೇಲ್ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ತನಗಾದದ್ದನ್ನು ಹೇಳುತ್ತಿದ್ದಳು. ನಾನು ಗಡಿಯಾರ ನೋಡಿ ಐದೂಮುಕ್ಕಾಲರ ಬಸ್ಸು ಸಿಗುತ್ತಾ ಅಂತ ಲೆಕ್ಕ ಹಾಕುತ್ತಿದ್ದೆ. ಇನ್ನೊಂದು ಕೇಸು ಅಂತ ಅನಿಸಿತು, ಅಷ್ಟೇ. ಮನೆಗೆ ಬಂದರೆ ಪೂರ್ತಿ ಉಲ್ಟಾ. ಎಂಟು ವರ್ಷದ ಮಗಳನ್ನು ಬೀದಿ ಕೊನೆಯ ಅಂಗಡಿಗೂ ಕಳಿಸಲ್ಲ. ಟ್ಯೂಷನ್ ಬಿಡಿಸಿದೆ. ಅವಳ ಚಿಕ್ಕಪ್ಪನ ಜೊತೆ ಬೈಕಲ್ಲಿ ಹೊರಟರೂ ಎದೆ ಡವಡವ ಅನ್ನುತ್ತೆ. ಅವನು ಚಿನ್ನದಂಥ ಹುಡುಗ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಸುಮ್‌ಸುಮ್ನೆ ರೇಗುತ್ತೇನೆ. ಅತ್ತೆ ದೃಷ್ಟಿ ತೆಗೆಸಿದರು. ಜೊತೆಯವರು ಈ ಕೆಲಸಕ್ಕೆ ಗಟ್ಟಿ ಮನಸ್ಸು ಬೇಕು ಅಂತಾರೆ. ಮೇಲಿನವರು ನಂದಿಬೆಟ್ಟಕ್ಕೆ ಹೋಗಿ ಬಾ, ಯೋಗ ಮಾಡು ಅಂದರು. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲವಾ? ಇದು ಡಿಪ್ರೆಷನ್ನಾ? ಕೆಲಸ ಬಿಟ್ಟುಬಿಡಲಾ?
(ಹೆಸರು ಬೇಡ, ಚಿಕ್ಕಬಳ್ಳಾಪುರ ಜಿಲ್ಲೆ)

ಉತ್ತರ: ಕಚೇರಿಯಲ್ಲಿ ಏನೂ ಅನಿಸುವುದಿಲ್ಲ, ಮನೆಯಲ್ಲಿ ಎಲ್ಲದಕ್ಕೂ ಹೆದರಿಕೆ. ಇವೆರಡೂ ಒಂದಕ್ಕೊಂದು ಉಲ್ಟಾ ಅಂತ ನಿಮಗೆ ಕಾಣುತ್ತಿದೆ. ನನಗೆ ಹಾಗೆ ಕಾಣುತ್ತಿಲ್ಲ. ಎರಡೂ ಒಂದೇ ತೊಂದರೆಯ ಲಕ್ಷಣಗಳು. ಕೇಳಿದ್ದೆಲ್ಲ ನಿಮ್ಮೊಳಗೇ ಉಳಿದಿದೆ. ಕಚೇರಿಯಲ್ಲಿ ಮನಸ್ಸು ಅದನ್ನು ಅದುಮಿಡುತ್ತದೆ, ಮನೆಯಲ್ಲಿ ಅದು ಮಗಳ ಮೇಲಿನ ಭಯವಾಗಿ ಹೊರಗೆ ಬರುತ್ತದೆ.

ಇನ್ನೊಂದು ಮಾತು. ಆ ಹುಡುಗಿ ವೇಲ್ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದದ್ದು ತಿಂಗಳಾದರೂ ನಿಮಗೆ ನೆನಪಿದೆ. ಬರೀ ಬಸ್ಸಿನ ಲೆಕ್ಕ ಹಾಕುತ್ತಿದ್ದವರ ಕಣ್ಣಿಗೆ ಅದು ಬೀಳುತ್ತಿರಲಿಲ್ಲ. ನೀವು ನೋಡುತ್ತಿದ್ದಿರಿ. ನೋಡಿದ್ದು ಒಳಗೆ ಇಳಿದಿದೆ. ಅದು ಇಳಿದದ್ದು ನಿಮ್ಮ ಅನುಭವಕ್ಕೆ ಬರಲಿಲ್ಲ, ಅಷ್ಟೇ.

ನಾನು ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ಕೋಲಾರದಲ್ಲಿ ಕೆಲಸ. ರೋಗಿಗಳ ಜೊತೆಗೆ ನಿಮ್ಮಂಥ ಕ್ಷೇತ್ರದ ಕೆಲಸಗಾರರೂ ನನ್ನ ಹತ್ತಿರ ಬರುತ್ತಾರೆ. ದೌರ್ಜನ್ಯಕ್ಕೊಳಗಾದ ಹೆಂಗಸರಿಗೆ ನೆರವಾಗುವ ಸಾಂತ್ವನ ಕೇಂದ್ರದವರು, ಸಖಿ ಕೇಂದ್ರದವರು, ಬಾಲಮಂದಿರದ ಗೃಹಮಾತೆಯರು, ಆಶಾ ಕಾರ್ಯಕರ್ತೆಯರು. ತಲೆನೋವು, ನಿದ್ದೆ ಇಲ್ಲ, ಗ್ಯಾಸ್ಟ್ರಿಕ್ ಅಂತ ಶುರು ಮಾಡುತ್ತಾರೆ. ನಿಮ್ಮ ಪತ್ರದಲ್ಲಿರುವ ಮಾತು ಬರುವುದು ಮೂರನೇ ಸಲವೋ ನಾಲ್ಕನೇ ಸಲವೋ ಬಂದಾಗ, ಅದೂ ಬಾಗಿಲು ಹಾಕಿದ ಮೇಲೆ. ನಾಚಿಕೆ ಅಷ್ಟಿರುತ್ತದೆ.

ಇದನ್ನು ಕಂಪ್ಯಾಷನ್ ಫಟೀಗ್ ಅನ್ನುತ್ತಾರೆ, ಅಂದರೆ ಕರುಣೆಯ ದಣಿವು. 1992ರಲ್ಲಿ ಜಾಯಿನ್ಸನ್ ಅವರು ನರ್ಸುಗಳ ಬಗ್ಗೆ ಬರೆಯುವಾಗ ಈ ಮಾತು ಬಳಸಿದರು. 1995ರಲ್ಲಿ ಚಾರ್ಲ್ಸ್ ಫಿಗ್ಲಿ ಇದನ್ನು ನೋವು ಕೇಳುವ ಕೆಲಸದವರೆಲ್ಲರಿಗೂ ಅನ್ವಯಿಸಿ ವಿವರಿಸಿದರು. ಬೆತ್ ಸ್ಟ್ಯಾಮ್ ಎಂಬ ಮನಶ್ಶಾಸ್ತ್ರಜ್ಞೆ ಇದರಲ್ಲಿ ಎರಡು ಭಾಗ ಇದೆ ಅಂತಾರೆ. ಒಂದು ಬರ್ನ್‌ಔಟ್, ಕೆಲಸದ ಹೊರೆಯಿಂದ ನಿಧಾನಕ್ಕೆ ಬರುವ ಸುಸ್ತು. ಕೇಸು ಜಾಸ್ತಿ, ಸಂಬಳ ತಡ, ಒಂದೇ ಮಾಹಿತಿಯನ್ನು ನಾಲ್ಕು ಕಡೆ ತುಂಬುವ ಕೆಲಸ, ಇವೆಲ್ಲ ಅದಕ್ಕೆ ಸೇರುತ್ತವೆ. ಇನ್ನೊಂದು, ಬೇರೆಯವರಿಗಾದ ಆಘಾತವನ್ನು ಕೇಳಿ ಕೇಳಿ ಕೇಳುವವರಿಗೂ ಆಘಾತದ ಲಕ್ಷಣಗಳು ಬರುವುದು. ಇದು ನಿಧಾನಕ್ಕೇ ಬರಬೇಕೆಂದಿಲ್ಲ, ಒಂದೇ ಕೇಸಿನಿಂದಲೂ ಬರಬಹುದು. ನಿಮ್ಮ ಪತ್ರದಲ್ಲಿ ಎರಡೂ ಇವೆ, ಎರಡನೆಯದು ಹೆಚ್ಚಿದೆ. ಮಗಳ ಬಗ್ಗೆ ಭಯ, ಮೂರು ಗಂಟೆಯ ಎಚ್ಚರ, ಎದೆ ಡವಡವ, ಮರಗಟ್ಟಿದಂತಾಗುವುದು, ಎಲ್ಲವೂ ಆ ಎರಡನೆಯದರ ಗುರುತುಗಳು.

ಏನೂ ಅನಿಸದಿರುವುದು ಯಾಕೆ? ನಮ್ಮ ಕಡೆ ಬೋರ್‌ವೆಲ್ ಇರುವ ಮನೆಯವರಿಗೆ ಇದನ್ನು ಹೇಳುವುದು ಸುಲಭ. ನೀರು ಕೆಳಗೆ ಹೋದಾಗ ಸ್ಟಾರ್ಟರ್ ತಾನಾಗಿ ಟ್ರಿಪ್ ಆಗುತ್ತದೆ, ಮೋಟರ್ ಸುಟ್ಟುಹೋಗದಿರಲಿ ಅಂತ. ಮೋಟರ್ ಕೆಟ್ಟಿಲ್ಲ, ಬೋರ್ ಕೂಡ ಪೂರ್ತಿ ಬತ್ತಿಲ್ಲ. ನೀರು ಊರುವುದಕ್ಕೆ ಬಿಡದೆ ಮತ್ತೆ ಮತ್ತೆ ಹಸಿರು ಬಟನ್ ಒತ್ತಿದರೆ ಮಾತ್ರ ಕಾಯಿಲ್ ಸುಡುತ್ತದೆ. ನಿಮ್ಮ ಮನಸ್ಸು ಈಗ ಟ್ರಿಪ್ ಆಗಿದೆ.

ಸುತ್ತಲಿನವರ ಮಾತಿಗೆ ಬರೋಣ. ಗಟ್ಟಿ ಮನಸ್ಸು ಬೇಕು ಅನ್ನುವುದು ಕೇಳಲು ಸರಿ ಅನಿಸುತ್ತದೆ. ನಾನು ಕಂಡದ್ದು ಬೇರೆ. ಯಾರು ಮಗುವಿನ ಮಾತನ್ನು ಪೂರ್ತಿ ಮನಸ್ಸಿಟ್ಟು ಕೇಳುತ್ತಾರೋ, ಅವರಿಗೇ ಇದು ಜಾಸ್ತಿ ತಾಗುತ್ತದೆ. ಫಾರಂ ತುಂಬಿ ಎದ್ದುಹೋಗುವವರಿಗೆ ತಾಗುವುದು ಕಡಿಮೆ. ಚಿಕ್ಕಂದಿನಲ್ಲಿ ತಮಗೂ ಇಂಥದ್ದೇನಾದರೂ ಆಗಿದ್ದರೆ, ಅಥವಾ ಕೇಸಿನ ಮಗುವಿನ ವಯಸ್ಸಿನದೇ ಮಗು ಮನೆಯಲ್ಲಿದ್ದರೆ ಇನ್ನೂ ಬೇಗ ತಾಗುತ್ತದೆ. ಅದಕ್ಕೂ ಮನಸ್ಸು ಗಟ್ಟಿಯಿರುವುದಕ್ಕೂ ಸಂಬಂಧವಿಲ್ಲ.

ಅತ್ತೆಯವರ ದೃಷ್ಟಿಯ ವಿಷಯಕ್ಕೆ ಜಗಳ ಬೇಡ. ಸೊಸೆಗೆ ಏನೋ ಆಗಿದೆ ಅಂತ ಮನೆಯಲ್ಲಿ ಮೊದಲು ಗಮನಿಸಿದ್ದು ಅವರೇ ಅಲ್ವಾ? ಆ ಕಾಳಜಿಯನ್ನು ಇಟ್ಟುಕೊಳ್ಳಿ. ಆದರೆ ದೃಷ್ಟಿ ತೆಗೆಸಿದ್ದಾಯಿತು ಅಂತ ಡಾಕ್ಟರನ್ನು ನೋಡುವುದನ್ನು ಮುಂದಕ್ಕೆ ಹಾಕಬೇಡಿ.

ಇನ್ನು ನಂದಿಬೆಟ್ಟ, ಯೋಗ. ಯೋಗದಿಂದ ನಿದ್ದೆ ಸ್ವಲ್ಪ ಸುಧಾರಿಸಬಹುದು, ಮಾಡಿ. ಆದರೆ ಮೇಲಿನವರು ಆ ಸಲಹೆ ಕೊಟ್ಟಾಗ ಒಂದು ವಿಷಯ ಸದ್ದಿಲ್ಲದೆ ನಡೆದುಹೋಗುತ್ತದೆ. ಕೆಲಸ ನಡೆಯುವ ರೀತಿಯಿಂದ ಹುಟ್ಟಿದ ತೊಂದರೆ ನಿಮ್ಮ ಸ್ವಂತ ತೊಂದರೆಯಾಗಿಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ಬರ್ನ್‌ಔಟನ್ನು ಕಾಯಿಲೆ ಅಂತ ಬರೆದಿಲ್ಲ. ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಅಂತ ಬರೆದಿದೆ. ಹಾಗಾಗಿ ಪರಿಹಾರದ ಅರ್ಧ ಪಾಲು ನಿಮ್ಮ ಕಚೇರಿಯಿಂದಲೇ ಬರಬೇಕು.

ಡಿಪ್ರೆಷನ್ನಾ ಅಂತ ಕೇಳಿದ್ದೀರಿ. ಪತ್ರ ನೋಡಿ ಹೇಳುವ ವಿಷಯ ಅಲ್ಲ ಇದು. ಆದರೆ ಹೀಗೆ ನೋಡಿಕೊಳ್ಳಿ. ಡಿಪ್ರೆಷನ್‌ನಲ್ಲಿ ದಿನದ ಬಹುಪಾಲು, ಕನಿಷ್ಠ ಎರಡು ವಾರ, ಎಲ್ಲದರಲ್ಲೂ ಮನಸ್ಸು ಕುಗ್ಗಿರುತ್ತದೆ. ಹಬ್ಬ, ತವರುಮನೆ, ಮಗಳ ನಗು, ಯಾವುದೂ ಬೇಡ ಅನಿಸುತ್ತದೆ. ಕರುಣೆಯ ದಣಿವು ಕೆಲಸದ ಸುತ್ತ ಸುತ್ತುತ್ತದೆ. ರಜೆಯ ಮೂರನೇ ದಿನ ಸ್ವಲ್ಪ ಹಗುರ ಅನಿಸಿ, ವಾಪಸ್ ಹೋಗುವ ಹಿಂದಿನ ಸಂಜೆ ಮತ್ತೆ ಹೊಟ್ಟೆ ಹಿಂಡಿದಂತಾದರೆ ದಣಿವಿನ ಕಡೆಗೇ ವಾಲುತ್ತದೆ. ಬಹಳ ದಿನ ಬಿಟ್ಟರೆ ಇದೇ ಡಿಪ್ರೆಷನ್‌ಗೂ ತಿರುಗಬಹುದು. ಮೂರನೆಯ ಸಾಧ್ಯತೆಯೂ ಇದೆ, ಆಘಾತದ ನಂತರದ ಒತ್ತಡದ ಕಾಯಿಲೆ, ಅಂದರೆ ಪಿ.ಟಿ.ಎಸ್.ಡಿ. ಅದು ಘಟನೆ ನಡೆದವರಿಗೆ ಮಾತ್ರ ಬರುವುದು ಅಂತ ತುಂಬ ಜನ ತಿಳಿದಿದ್ದಾರೆ. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿ ಡಿ.ಎಸ್.ಎಂ.-5 ಕೆಲಸದ ಭಾಗವಾಗಿ ಇಂಥ ವಿವರಗಳನ್ನು ಮತ್ತೆ ಮತ್ತೆ ಕೇಳಬೇಕಾದವರನ್ನೂ ಸೇರಿಸಿತು. ಮಕ್ಕಳ ಮೇಲಿನ ದೌರ್ಜನ್ಯದ ವಿವರ ಪದೇ ಪದೇ ಕೇಳುವ ಪೊಲೀಸರ ಉದಾಹರಣೆಯನ್ನೇ ಅದು ಕೊಡುತ್ತದೆ. ನಿಮ್ಮದೂ ಅದೇ ತರಹದ ಕೆಲಸ.

ಇದರ ಜೊತೆಗೆ ಹಿಮೋಗ್ಲೋಬಿನ್, ಥೈರಾಯ್ಡ್, ಬಿ-12 ಪರೀಕ್ಷೆ ಮಾಡಿಸಿ. ಸುಸ್ತು, ರೇಗಾಟ, ನಿದ್ದೆಗೇಡು ರಕ್ತಹೀನತೆಯಲ್ಲೂ ಥೈರಾಯ್ಡಲ್ಲೂ ಬರುತ್ತವೆ. ಎಲ್ಲವನ್ನೂ ಮನಸ್ಸಿನ ಮೇಲೆ ಹಾಕಿ ದೇಹ ನೋಡದೆ ಬಿಡುವುದು ತಪ್ಪು.

ಈಗ ಕಾರಣಗಳು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮ ಕೆಲಸದ ಒಂದು ಭಾಗ ಯಾರ ಕಣ್ಣಿಗೂ ಬಿದ್ದಿಲ್ಲ ಅಂತ ನನಗೆ ಅನಿಸುತ್ತದೆ.

ತೆಲುಗು ಬರುತ್ತೆ ಅಂತ ಕೇಸುಗಳು ನಿಮಗೇ ಬರುತ್ತವೆ ಅಂದಿರಿ. ಅಂದರೆ ಮಗು ತೆಲುಗಿನಲ್ಲಿ ಹೇಳುತ್ತದೆ, ನೀವು ಕನ್ನಡದಲ್ಲಿ ವರದಿ ಬರೆಯುತ್ತೀರಿ. ಮಗು ಅಂದದ್ದು ಹೆಚ್ಚುಕಮ್ಮಿ ಆಗಬಾರದು ಅಂತ ಒಂದೊಂದು ವಾಕ್ಯವನ್ನೂ ಮನಸ್ಸಿನಲ್ಲಿ ಮತ್ತೆ ಹೇಳಿಕೊಂಡು, ಆಮೇಲೆ ಬರೆಯುತ್ತೀರಿ. ಅವನು ಎಲ್ಲಿ ನಿಂತಿದ್ದ, ಬಾಗಿಲು ಯಾವ ಕಡೆ ಇತ್ತು, ಅಮ್ಮ ಎಷ್ಟು ಹೊತ್ತಿಗೆ ಬಂದಳು. ಬರೆಯುವಾಗ ಅದೆಲ್ಲ ಕಣ್ಣ ಮುಂದೆ ಬರದೆ ಇರಲು ಸಾಧ್ಯವೇ ಇಲ್ಲ. ಆಮೇಲೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಅದನ್ನೇ ಹೇಳಬೇಕು. ಪೊಲೀಸರು ಕೇಳಿದರೆ ಇನ್ನೊಂದು ಸಲ. ಒಂದು ಘಟನೆ ನಿಮ್ಮೊಳಗೆ ಎಷ್ಟು ಸಲ ಹಾದುಹೋಯಿತು ನೋಡಿ. ಕೇಸಿನ ಸಂಖ್ಯೆ ಹಂಚುವಾಗ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕನ್ನಡದ ಹತ್ತು ಕೇಸಿಗೂ ನಿಮ್ಮ ಹತ್ತು ಕೇಸಿಗೂ ತೂಕ ಬೇರೆ.

ಎರಡನೆಯದು, ಕೊನೆ ಕಾಣದಿರುವುದು. ಮಗು ಬಾಲಮಂದಿರಕ್ಕೆ ಹೋಗುತ್ತದೆ, ಅಲ್ಲಿಂದ ಅಜ್ಜಿ ಮನೆಗೋ ಹಾಸ್ಟೆಲಿಗೋ ಹೋಗುತ್ತದೆ. ಫೈಲು ಮುಂದಿನ ಮೇಜಿಗೆ ಹೋಗುತ್ತದೆ. ಆ ಮಗು ಆಮೇಲೆ ಎಸ್.ಎಸ್.ಎಲ್.ಸಿ. ಪಾಸಾಯಿತು, ಹೊಲಿಗೆ ಕಲಿತಿತು, ನಕ್ಕಿತು ಅನ್ನುವುದು ನಿಮಗೆ ಗೊತ್ತೇ ಆಗುವುದಿಲ್ಲ. ನಿಮ್ಮ ತಲೆಯಲ್ಲಿ ಎಲ್ಲ ಮಕ್ಕಳೂ ಅತ್ತ ದಿನಕ್ಕೇ ನಿಂತುಬಿಟ್ಟಿದ್ದಾರೆ. ಈ ಕೆಲಸದವರನ್ನು ಕಾಪಾಡುವುದರಲ್ಲಿ ಕೆಲಸದಿಂದ ಸಿಗುವ ತೃಪ್ತಿಯೂ ಒಂದು. ಸ್ಟ್ಯಾಮ್ ಅವರು ರೂಪಿಸಿದ ಪ್ರೊಕ್ವೋಲ್ ಎಂಬ 30 ಪ್ರಶ್ನೆಗಳ ಪಟ್ಟಿ ದಣಿವಿನ ಜೊತೆಗೆ ಈ ತೃಪ್ತಿಯನ್ನೂ ಅಳೆಯುತ್ತದೆ. ಅದು ರೋಗ ಕಂಡುಹಿಡಿಯುವ ಪರೀಕ್ಷೆಯಲ್ಲ, ಕಳೆದ 30 ದಿನ ಹೇಗಿದ್ದೆ ಅಂತ ನೋಡಿಕೊಳ್ಳುವುದಕ್ಕೆ ಮಾತ್ರ. ಉಚಿತವಾಗಿ ಸಿಗುತ್ತದೆ.

ಮೂರನೆಯದನ್ನು ನೀವು ಬರೆದಿಲ್ಲ, ಆದರೆ ಗಡಿ ತಾಲ್ಲೂಕಿನವರೆಲ್ಲ ಹೇಳುತ್ತಾರೆ. 2016ರ ತಿದ್ದುಪಡಿಯಾದ ಮೇಲೆ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಕಾನೂನು ಗಟ್ಟಿಯಾಗಿಯೇ ಇದೆ. ನೀವು ರಾತ್ರೋರಾತ್ರಿ ಹೋಗಿ ಮದುವೆ ತಡೆದು, ತಂದೆ ತಾಯಿಯಿಂದ ಮುಚ್ಚಳಿಕೆ ಬರೆಸಿಕೊಂಡು ಬರುತ್ತೀರಿ. ಹದಿನೈದು ದಿನಕ್ಕೆ ಗಡಿಯಾಚೆಯ ಯಾವುದೋ ಗುಡಿಯಲ್ಲಿ ತಾಳಿ ಕಟ್ಟಿಸಿದ್ದು ಗೊತ್ತಾಗುತ್ತದೆ. ಏನು ಮಾಡಬೇಕು ಅಂತ ಗೊತ್ತಿದ್ದೂ ಮಾಡಲಾಗದೆ ಕೈ ಕಟ್ಟಿದಂತಾಗುವುದಿದೆಯಲ್ಲ, ಅದು ನೋವು ಕೇಳುವುದಕ್ಕಿಂತ ಆಳಕ್ಕೆ ಹೋಗುತ್ತದೆ. ಅದಕ್ಕೆ ಯೋಗದಲ್ಲಿ ಮದ್ದಿಲ್ಲ. ನಿನ್ನಿಂದ ಆಗಬೇಕಾದದ್ದೆಲ್ಲ ಆಗಿದೆ, ಇನ್ನುಳಿದದ್ದು ನಿನ್ನೊಬ್ಬಳ ಕೈಯಲ್ಲಿರಲಿಲ್ಲ ಅಂತ ಆ ಕೆಲಸ ಬಲ್ಲವರೊಬ್ಬರು ಎದುರು ಕೂತು ಹೇಳಬೇಕು. ಏಳು ವರ್ಷದಲ್ಲಿ ಯಾರಾದರೂ ಹಾಗೆ ಹೇಳಿದ್ದಾರಾ?

ಹೇಳಿರಲಾರರು ಅಂತ ನನ್ನ ಊಹೆ. ನನ್ನ ಅನುಭವದಲ್ಲಿ ಜನ ಕುಸಿಯುವುದು ಕೇಳಿದ್ದರಿಂದಲ್ಲ, ಕೇಳಿದ್ದನ್ನು ಒಬ್ಬರೇ ಇಟ್ಟುಕೊಂಡಿದ್ದರಿಂದ. ಗೋಪ್ಯತೆ ಅಂತ ಮನೆಯಲ್ಲಿ ಹೇಳುವಂತಿಲ್ಲ, ವೀಕ್ ಅಂದುಕೊಳ್ಳುತ್ತಾರೆ ಅಂತ ಕಚೇರಿಯಲ್ಲೂ ಹೇಳುವಂತಿಲ್ಲ.

ಹಾಗಾದರೆ ಏನು ಮಾಡಬಹುದು? ಹೀಗೇ ಮುಂದುವರಿಯುವುದು ಒಂದು ದಾರಿ. ಬಹಳ ಜನ ಅದನ್ನೇ ಹಿಡಿಯುತ್ತಾರೆ. ಅದರಲ್ಲಿ ಮಕ್ಕಳಿಗೂ ಅಪಾಯವಿದೆ. ಮರಗಟ್ಟಿದ ಮನಸ್ಸು ಮಗು ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಗಮನಿಸುವುದಿಲ್ಲ. ಇದನ್ನು ನಾನು ಒಪ್ಪುವುದಿಲ್ಲ.

ರಜೆ ಇನ್ನೊಂದು ದಾರಿ. ಹತ್ತು ಹದಿನೈದು ದಿನ ಸಿಕ್ಕರೆ ಮೊದಲು ನಿದ್ದೆಗೆ ಕೊಡಿ. ಆದರೆ ಗುತ್ತಿಗೆಯವರಿಗೆ ರಜೆ ಅಂದರೆ ಸಂಬಳ ಕಡಿತವೂ ಆಗಬಹುದು, ಮೊದಲೇ ವಿಚಾರಿಸಿ. ವಾಪಸ್ ಬಂದಾಗ ಅದೇ ಮೇಜು, ಅದೇ ಕೇಸುಗಳಿದ್ದರೆ ರಜೆಯ ಗುಣ ಬೇಗ ಕರಗುತ್ತದೆ. ಹಾಗಾಗಿ ರಜೆಯ ಅರ್ಜಿಯ ಜೊತೆಗೇ ಕೆಲಸದ ಬದಲಾವಣೆಯ ಅರ್ಜಿಯನ್ನೂ ಕೊಡಿ.

ಬದಲಾವಣೆ ಅಂದರೆ ಏನು ಕೇಳಬೇಕು? ಮೂರು ತಿಂಗಳು ಹೊಸ ಪೋಕ್ಸೊ ಕೇಸು ಬೇಡ, ಪ್ರಾಯೋಜಕತ್ವ (ಕಷ್ಟದಲ್ಲಿರುವ ಮಕ್ಕಳಿಗೆ ಹಣದ ನೆರವು), ಶಾಲೆಗೆ ಸೇರಿಸುವುದು, ಜಾಗೃತಿ ಕಾರ್ಯಕ್ರಮದಂಥ ಕೆಲಸ ಕೊಡಿ ಅಂತ ಕೇಳಿ. ತೆಲುಗು ಬರುವ ಇನ್ನೊಬ್ಬರನ್ನು ತಯಾರು ಮಾಡಿ ಅಂತಲೂ ಕೇಳಿ. ಇದನ್ನು ಬರವಣಿಗೆಯಲ್ಲಿ ಕೊಡಿ, ಬಾಯಿಮಾತು ಮರೆತುಹೋಗುತ್ತದೆ. ಸುಸ್ತಾಗಿದೆ ಅಂತ ಮಾತ್ರ ಬರೆಯಬೇಡಿ. ಕಳೆದ ಆರು ತಿಂಗಳಲ್ಲಿ ನನಗೆ ಬಂದ ಕೇಸುಗಳಿಷ್ಟು, ಅದರಲ್ಲಿ ತೆಲುಗಿನವು ಇಷ್ಟು, ಹೀಗೇ ಹೋದರೆ ವರದಿಯ ಗುಣಮಟ್ಟ ಕೆಡುತ್ತದೆ ಅಂತ ಬರೆಯಿರಿ. ಅಧಿಕಾರಿಗಳಿಗೆ ಈ ಭಾಷೆ ಬೇಗ ಅರ್ಥವಾಗುತ್ತದೆ. ಇದರಲ್ಲೂ ಅಪಾಯ ಇದೆ. ಕೆಲಸಗಳ್ಳಿ ಅನ್ನುವ ಮಾತು ಬರಬಹುದು, ಗುತ್ತಿಗೆ ನವೀಕರಣದ ಹೊತ್ತಿನಲ್ಲಿ ಅದು ಕಾಡಬಹುದು. ನಿಮ್ಮ ಕೇಸುಗಳೆಲ್ಲ ಹೊಸದಾಗಿ ಸೇರಿದ ಚಿಕ್ಕ ಹುಡುಗಿಯೊಬ್ಬಳ ತಲೆ ಮೇಲೆ ಬೀಳಬಹುದು. ಒಬ್ಬರಿಗೇ ಬೇಡ, ಹಂಚಿ ಅಂತ ನೀವೇ ಸೂಚಿಸಿ.

ನಾನು ಹೆಚ್ಚು ಒತ್ತಿ ಹೇಳುವುದು ಇದನ್ನು. ನಾಲ್ಕೈದು ಜನ ಸೇರಿ ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಕೂರಿ. ನಡೆಸುವುದಕ್ಕೆ ಅನುಭವ ಇರುವ ಹೊರಗಿನವರೊಬ್ಬರು ಸಿಕ್ಕರೆ ಒಳ್ಳೆಯದು. ಅವರು ನಿಮ್ಮ ಸಂಬಳ, ಗುತ್ತಿಗೆ ನೋಡುವ ಅಧಿಕಾರಿ ಆಗಿರಬಾರದು, ಆಗಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ಮಗುವಿನ ಹೆಸರು, ಊರು, ಶಾಲೆ ಯಾವುದೂ ಬರಬಾರದು. ಬಾಲನ್ಯಾಯ ಕಾಯ್ದೆ, ಪೋಕ್ಸೊ ಕಾಯ್ದೆ ಎರಡೂ ಮಗುವಿನ ಗುರುತನ್ನು ಕಾಪಾಡಬೇಕು ಅನ್ನುತ್ತವೆ. ಒಂದು ಕೂಟ ಕೆಡುವುದನ್ನು ನಾನು ನೋಡಿದ್ದೇನೆ. ಒಬ್ಬರು ಭಯಂಕರ ವಿವರ ಹೇಳಿದರು, ಇನ್ನೊಬ್ಬರು ಅದಕ್ಕಿಂತ ಭಯಂಕರದ್ದು ತೆಗೆದರು. ಎಲ್ಲರೂ ಬಂದದ್ದಕ್ಕಿಂತ ಭಾರವಾಗಿ ಮನೆಗೆ ಹೋದರು. ಹಾಗಾಗಿ ಒಂದು ಕಟ್ಟುಪಾಡು ಇರಲಿ. ಹೇಳುವ ಮೊದಲು, ಕೇಳೋದಕ್ಕೆ ಈಗ ಆಗುತ್ತಾ ಅಂತ ಕೇಳಿ. ಆ ಮಗುವಿಗೆ ಏನಾಯಿತು ಅನ್ನುವುದು ಬೇಡ, ನಿಮಗೆ ಏನಾಯಿತು ಅನ್ನುವುದನ್ನು ಹೇಳಿ. ಕೊನೆಯ ಹತ್ತು ನಿಮಿಷ ಹಳೆಯ ಮಕ್ಕಳ ಸುದ್ದಿಗೆ ಇರಲಿ. ಯಾರು ಪರೀಕ್ಷೆ ಬರೆದರು, ಯಾರು ಮನೆಗೆ ವಾಪಸಾಗಿ ಚೆನ್ನಾಗಿದ್ದಾರೆ ಅಂತ ವಿಚಾರಿಸಿಕೊಂಡು ಬರುವುದು ಒಬ್ಬೊಬ್ಬರ ಪಾಳಿ. ಇದು ಬರೀ ಖುಷಿಗಲ್ಲ. ನಿಮ್ಮ ತಲೆಯಲ್ಲಿ ಅತ್ತ ದಿನಕ್ಕೇ ನಿಂತಿರುವ ಮಕ್ಕಳು ಮುಂದಕ್ಕೆ ಹೋಗಬೇಕಲ್ಲ.

ಮಗು ಎದುರಿಗೆ ಕೂತಾಗ ಮಾಡಬಹುದಾದದ್ದೂ ಒಂದಿದೆ. ಇವಳ ಜಾಗದಲ್ಲಿ ನನ್ನ ಮಗಳಿದ್ದಿದ್ದರೆ ಅಂತ ಮನಸ್ಸು ಓಡುತ್ತದೆ. ಅಲ್ಲೇ ಹಿಡಿದು ನಿಲ್ಲಿಸಿ. ಇವಳಿಗೆ ಈ ಗಳಿಗೆಯಲ್ಲಿ ಏನು ಬೇಕು ಅಂತ ಕೇಳಿಕೊಳ್ಳಿ. ನೀರಾ, ಅಮ್ಮನಾ, ಮಾತು ನಿಲ್ಲಿಸುವುದಾ? ಟಾನಿಯಾ ಸಿಂಗರ್, ಓಲ್ಗಾ ಕ್ಲಿಮೆಕಿ ಎಂಬ ಸಂಶೋಧಕಿಯರು ಮೆದುಳಿನ ಅಧ್ಯಯನದಲ್ಲಿ ಇದನ್ನೇ ತೋರಿಸಿದರು. ಇನ್ನೊಬ್ಬರ ನೋವನ್ನು ತಾವೇ ಅನುಭವಿಸುವುದನ್ನು ಅಭ್ಯಾಸ ಮಾಡಿದವರು ಕುಗ್ಗಿದರು. ಅವರಿಗೆ ಒಳ್ಳೆಯದಾಗಲಿ ಅನ್ನುವ ಭಾವವನ್ನು ಅಭ್ಯಾಸ ಮಾಡಿದ ಮೇಲೆ ಚೇತರಿಸಿಕೊಂಡರು. ಒಂದೇ ದಿನಕ್ಕೆ ಬರುವುದಿಲ್ಲ, ಮಾಡ್ತಾ ಮಾಡ್ತಾ ಬರುತ್ತದೆ.

ಚಿಕಿತ್ಸೆಯ ಮಾತು. ನಿಮ್ಮ ನಿದ್ದೆ, ಮಗಳ ಬಗೆಗಿನ ಭಯ ಎರಡನ್ನೂ ನೋಡಿದರೆ ಒಮ್ಮೆ ಮನೋವೈದ್ಯರನ್ನೋ ಕ್ಲಿನಿಕಲ್ ಸೈಕಾಲಜಿಸ್ಟರನ್ನೋ ಕಾಣಲೇಬೇಕು ಅನ್ನುತ್ತೇನೆ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ನಿಗದಿಯಾದ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುತ್ತಾರೆ, ಯಾವ ವಾರ ಅಂತ ಮೊದಲೇ ಕೇಳಿಕೊಳ್ಳಿ. ನಾನು ಕಳಿಸಿದ ತಾಯಂದಿರೇ ಅಲ್ಲಿ ಸಾಲಿನಲ್ಲಿ ನಿಂತಿರುತ್ತಾರೆ, ನಾನು ಹೇಗೆ ಹೋಗಲಿ ಅಂತ ನಿಮ್ಮಂಥವರು ಕೇಳುತ್ತಾರೆ. ಸಣ್ಣ ಊರಲ್ಲಿ ಅದು ನಿಜವಾದ ಕಷ್ಟವೇ. ಬೆಂಗಳೂರಿಗೆ ಹೋಗಿ ನಿಮ್ಹಾನ್ಸ್‌ನಲ್ಲಿ ತೋರಿಸಬಹುದು. ಮೊದಲು ಫೋನಿನಲ್ಲೇ ಶುರು ಮಾಡಬಹುದು. ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. ನಿಮ್ಮ ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕು ಅನ್ನುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು. ಮಾತಿನ ಚಿಕಿತ್ಸೆ ಸಾಕಾಗಬಹುದು. ಮಾತ್ರೆ ಬರೆದರೆ, ಖಿನ್ನತೆ ಆತಂಕಗಳಿಗೆ ಸಾಮಾನ್ಯವಾಗಿ ಕೊಡುವ ಮಾತ್ರೆಗಳು ಚಟ ಹಿಡಿಸುವಂಥವಲ್ಲ. ಗುಣ ಕಾಣಲು ಕೆಲವು ವಾರ ಬೇಕು, ಡಾಕ್ಟರಿಗೆ ಹೇಳದೆ ತಟ್ಟನೆ ನಿಲ್ಲಿಸಬಾರದು. ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ಆಲ್ಪ್ರಜೋಲಾಂ ತಂದು ನುಂಗಬೇಡಿ. ಅದು ಆ ರಾತ್ರಿ ಮಲಗಿಸುತ್ತದೆ, ಆಮೇಲೆ ಅದಿಲ್ಲದೆ ಮಲಗುವುದಕ್ಕೆ ಬಿಡುವುದಿಲ್ಲ. ಬದುಕೇ ಬೇಡ ಅನ್ನುವ ಯೋಚನೆ ಒಮ್ಮೆ ಬಂದರೂ ಮಂಗಳವಾರಕ್ಕೆ ಕಾಯಬೇಡಿ. ಆಗಲೇ 14416ಕ್ಕೆ ಫೋನ್ ಮಾಡಿ, ಮನೆಯವರಿಗೂ ಹೇಳಿ.

ಮನೆಯವರಿಗೆ ಹೇಳುವುದು ಅಂದೆ. ಕೇಸು ಹೇಳಬೇಡಿ, ಭಯ ಹೇಳಿ. ಇಂಥ ಮಾತು ಕೇಳಿ ಕೇಳಿ ನನಗೆ ಯಾರನ್ನು ನಂಬಬೇಕು ಅಂತ ಗೊತ್ತಾಗುತ್ತಿಲ್ಲ, ಇದು ನಿಮ್ಮ ಮೇಲಿನ ಅನುಮಾನ ಅಲ್ಲ ಅಂತ ಯಜಮಾನರಿಗೆ ಹೇಳಿ. ಮಗಳ ವಿಷಯದಲ್ಲಿ ಏನು ಎಚ್ಚರ ಬೇಕು, ಯಾವುದು ಅತಿ ಅಂತ ಇಬ್ಬರೂ ಕೂತು ತೀರ್ಮಾನಿಸಿ. ಟ್ಯೂಷನ್ ಮತ್ತೆ ಶುರುವಾಗಲಿ, ಬೇಕಾದರೆ ಮೊದಲ ವಾರ ನೀವೇ ಹೊರಗೆ ಕೂತಿರಿ. ಭಯ ಹೇಳಿದಂತೆಲ್ಲ ಕೇಳುತ್ತಾ ಹೋದರೆ ಅದು ದಿನಕ್ಕೊಂದು ಜಾಗ ಹಿಡಿಯುತ್ತದೆ.

ಕೆಲಸ ಬಿಡುವುದು ಕೊನೆಯ ಪ್ರಶ್ನೆ. ಬಿಡುವುದು ಸೋಲು ಅಂತ ನಾನು ಹೇಳುವುದಿಲ್ಲ. ಬಿಟ್ಟು ಚೆನ್ನಾಗಿರುವವರನ್ನು ಕಂಡಿದ್ದೇನೆ, ಎರಡು ವರ್ಷ ಬೇರೆ ಕೆಲಸ ಮಾಡಿ ವಾಪಸ್ ಬಂದವರನ್ನೂ ಕಂಡಿದ್ದೇನೆ. ಆದರೆ ಮೂರು ಗಂಟೆಗೆ ಎಚ್ಚರವಾಗಿ ಕೂತಿರುವ ಈ ದಿನಗಳಲ್ಲಿ ರಾಜೀನಾಮೆ ಬರೆಯಬೇಡಿ. ಮೊದಲು ನಿದ್ದೆ ಸರಿಯಾಗಲಿ, ಬದಲಾವಣೆ ಕೇಳಿ ನೋಡಿ, ಮೂರು ತಿಂಗಳು ಕೊಡಿ. ಮನೆಯ ಖರ್ಚು, ಸಾಲ, ಮಗಳ ಫೀಸು ಎಲ್ಲ ಲೆಕ್ಕ ಹಾಕಿ. ಅಷ್ಟಾದ ಮೇಲೂ ಕಚೇರಿ ಏನನ್ನೂ ಬದಲಿಸದಿದ್ದರೆ, ಲಕ್ಷಣಗಳು ಹಾಗೇ ಇದ್ದರೆ, ಬಿಡಿ. ಬಿಡುವುದಾದರೆ ಒಂದು ತಿಂಗಳ ಮುಂಚೆಯಿಂದ ಒಂದೊಂದು ಫೈಲನ್ನೂ ಮುಂದಿನವರ ಜೊತೆ ಕೂತು ಒಪ್ಪಿಸಿ. ಆಗ ನೀವು ಭೇಟಿ ಮಾಡುತ್ತಿರುವ ಮಕ್ಕಳಿಗೆ ನೀವೇ ಮುಖತಃ ಹೇಳಿ: ಇನ್ಮೇಲೆ ಈ ಅಕ್ಕ ಬರ್ತಾರೆ, ನಾನು ಬೇರೆ ಕಡೆ ಹೋಗ್ತಿದ್ದೀನಿ, ನಿನ್ನಿಂದ ಅಲ್ಲ.